ಬಾಲವಿಲ್ಲದ ಮೂರನೇ ಮೀನು

ಕಳೆದ ವರ್ಷ ಜನವರಿಯ ಮೂರನೇ ಭಾನುವಾರ ನಾನು ಕೆಲಸ ಮಾಡುವ ಪತ್ರಿಕೆಯ ಪುರವಣಿಯಲ್ಲಿ ಒಂದು ಹಳೆಯ ಫೋಟೊ ಅಚ್ಚಾಯಿತು. ಮೊಣಕಾಲುದ್ದ ನೀರಿನಲ್ಲಿ ಬೆನ್ನು ತಿರುಗಿಸಿ ನಿಂತ ಹೆಣ್ಣು. ಒದ್ದೆ ಸೀರೆ, ಕುಬಸವಿಲ್ಲದ ಬೆನ್ನು, ತಲೆಯ ಮೇಲಿನ ಕೊಡವನ್ನು ಹಿಡಿದ ಬಲಗೈ. ಮುಖ ಅರ್ಧ ಹೊರಳಿತ್ತು. ಅಡಿಬರಹ ನನ್ನದೇ: ‘ನದಿಕನ್ಯೆ. ಶಹಾಪುರದ ಸ್ಟುಡಿಯೋ ಒಂದರ ಗಾಜಿನ ಪ್ಲೇಟಿನಿಂದ.’

ಫೋಟೊ ತೆಗೆದವರು ತೀರಿಕೊಂಡು ಬಹಳ ವರ್ಷಗಳಾಗಿವೆ. ಅರವತ್ತು ದಾಟಿದ ಅವರ ಮಗ ಈಗ ಅದೇ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಯುತ್ತಾರೆ, ದೇವರ ಪಟಗಳಿಗೆ ಕಟ್ಟು ಹಾಕುತ್ತಾರೆ. ಅಟ್ಟದ ಮೇಲೆ ಅವರಿಗೆ ಹಿಂದೆ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟುಗಳ ಎರಡು ಪೆಟ್ಟಿಗೆಗಳೂ ಅಪ್ಪನ ನೋಟುಬುಕ್ಕೂ ಸಿಕ್ಕಿದ್ದವು. ಈ ಭಾಗದ ಜನ ಮದುವೆಗೂ ಸಾವಿಗೂ ಮಾತ್ರ ಫೋಟೊ ತೆಗೆಸುತ್ತಿದ್ದ ಕಾಲದಲ್ಲಿ, ಅಂದರೆ ಅರವತ್ತು ವರ್ಷಕ್ಕೂ ಹಿಂದೆ, ಆ ಮನುಷ್ಯ ಕಲೆಗೆಂದೇ ಫೋಟೊ ತೆಗೆದು ಹೈದರಾಬಾದಿನ ಸ್ಪರ್ಧೆಗಳಿಗೆ ಕಳಿಸುತ್ತಿದ್ದರು. ‘ನದಿಕನ್ಯೆ’ಗೆ ಪ್ರಶಸ್ತಿಪತ್ರ ಬಂದಿತ್ತು. ಮುಂದಿನ ಭಾನುವಾರ ಸುರಪುರದ ಶಾಲೆಯೊಂದರ ಸಭಾಂಗಣದಲ್ಲಿ ಈ ಚಿತ್ರಗಳ ಪ್ರದರ್ಶನವಿತ್ತು. ನನ್ನ ಲೇಖನ ಅದರ ಮುನ್ನೋಟ.

ನೋಟುಬುಕ್ಕಿನಲ್ಲಿ ಆ ಪ್ಲೇಟಿನ ಎದುರು ಹೀಗೆ ಬರೆದಿತ್ತು: ‘ಬೆಳಕು ಎಡದಿಂದ. ಕುಬಸ ಬೇಡವೆಂದೆ, ಚಿತ್ರ ಕೆಡುತ್ತದೆ. ಮೂರನೇ ಸಲ ಮುಳುಗಿ ಎದ್ದ ಮೇಲೆ ಸೀರೆ ಸರಿಯಾಗಿ ಅಂಟಿತು. ನಡುಗುತ್ತಾಳೆ, ಕಾಯಬೇಕಾಯಿತು.’ ಹೆಣ್ಣಿನ ಹೆಸರಿರಲಿಲ್ಲ. ನಾನು ಕೊನೆಯ ಎರಡು ಪದಗಳನ್ನಷ್ಟೇ ತೆಗೆದುಕೊಂಡು, ಛಾಯಾಗ್ರಾಹಕರ ತಾಳ್ಮೆಗೆ ಉದಾಹರಣೆಯಾಗಿ ಲೇಖನದಲ್ಲಿ ಬಳಸಿದ್ದೆ.

ಚಿತ್ರದಲ್ಲಿರುವವರ ಒಪ್ಪಿಗೆ ಗೊತ್ತಿಲ್ಲದಿದ್ದರೆ ಮುಖ ಮಸುಕು ಮಾಡಬೇಕೆಂಬುದು ನಮ್ಮಲ್ಲಿನ ನಿಯಮ. ಪುಟ ಸಿದ್ಧಪಡಿಸುವ ಡೆಸ್ಕಿಗೆ ಹೇಳಿ ಮಾಡಿಸಿದ್ದೆ. ಅಲ್ಲಿಗೆ ನನ್ನ ಎಚ್ಚರಿಕೆ ಮುಗಿದಿತ್ತು.

ಮಂಗಳವಾರ ಬೆಳಿಗ್ಗೆ ಯಾದಗಿರಿಯ ನಮ್ಮ ಕಚೇರಿಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಕೈಚೀಲದಿಂದ ನಾಲ್ಕು ಮಡಿಕೆ ಮಾಡಿದ ಪುರವಣಿಯ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು.

“ಈ ಪೋಟೊ ಹಾಕಿದವ್ರು ನೀವೇನ್ರಿ?”

“ಹೌದ್ರಿ. ಕುಂದರ್ರಿ.”

“ಕುಂದರಾಕ ಬಂದಿಲ್ರಿ. ಈಕಿ ನಮ್ಮ ಅತ್ತಿ.”

ಅವರು ಕೊಂಕಲ್‌ನವರು, ಅಂಗನವಾಡಿಯಲ್ಲಿ ಸಹಾಯಕಿ. ಸೋಮವಾರ ಅಲ್ಲಿ ಬಿದ್ದಿದ್ದ ಭಾನುವಾರದ ಪತ್ರಿಕೆಯಲ್ಲಿ ಇದನ್ನು ನೋಡಿ, ಟೀಚರ್ ಬರುವ ಮೊದಲೇ ಹಾಳೆಯನ್ನು ಎಳೆದುಕೊಂಡು ಕುಬಸದೊಳಗೆ ಇಟ್ಟುಕೊಂಡಿದ್ದರು. ಮುಖ ಕಾಣದಂತೆ ಮಾಡಿದ್ದೇವಲ್ಲ, ಗುರುತು ಹೇಗೆ ಹತ್ತಿತು ಎಂದು ನಾನು ಕೇಳಿದೆ.

“ಮುಖ ಅಳಿಸಿ ಕೈ ಬಿಟ್ಟೀರಲ್ರಿ. ನೀವು ಗಂಡಸ್ರು ಮುಖ ನೋಡ್ತೀರಿ. ನಾವು ಕೈ ನೋಡ್ತೀವಿ.”

ಚಿತ್ರದ ಬಲಗೈಯಲ್ಲಿ ಮೊಣಕೈ ಕೆಳಗೆ ಅವರು ಉಗುರು ಊರಿದರು. ಮುದ್ರಣದ ಧೂಳೆಂದು ನಾನು ಬಿಟ್ಟಿದ್ದ ಮೂರು ಗುರುತುಗಳು ಹಚ್ಚೆ. ಮೂರು ಮೀನು. ತವರಿನಲ್ಲಿ ಹಚ್ಚೆ ಹಾಕಿಸಿಕೊಳ್ಳುವಾಗ ಅತ್ತೆ ನೋವು ತಡೆಯಲಾರದೆ ಎದ್ದು ಓಡಿದ್ದರಿಂದ ಮೂರನೇ ಮೀನಿಗೆ ಬಾಲ ಬಂದಿರಲಿಲ್ಲ. ಓಣಿಯ ಮಕ್ಕಳನ್ನೆಲ್ಲ ಆ ಕಥೆ ಹೇಳಿ ನಗಿಸುತ್ತಿದ್ದರಂತೆ.

(ಅವರ ಗುರುತು ಹತ್ತಬಾರದೆಂದು ಊರನ್ನೂ ಹಚ್ಚೆಯ ಆಕಾರವನ್ನೂ ಇಲ್ಲಿ ಬದಲಿಸಿದ್ದೇನೆ. ಹಚ್ಚೆ ಅರ್ಧಕ್ಕೆ ನಿಂತದ್ದು ನಿಜ.)

“ಬಾಲಿಲ್ಲದ ಮೀನ ಅಂದ್ರ ಓಣ್ಯಾಗ ಕೂಸಿಗೂ ಮಾಲೂಮ್ ಐತ್ರಿ. ನಿಮ್ಮ ಪೇಪರ್‌ನ್ಯಾಗ ಸಣ್ಣದು, ನಾ ದಿನಾ ಎಣ್ಣಿ ಹಚ್ಚಾಕಿ, ಅದಕ್ಕ ನನಗ ಹತ್ತಿತು. ಸುರಪುರದಾಗ ಆಳೆತ್ತರ ಮಾಡಿ ಬಾಗಲದಾಗ ಇಡ್ತಾರಂತ ನೀವ ಬರದೀರಿ. ನಮ್ಮ ನಾದಿನಿನ ದೇವಾಪುರಕ್ಕ ಕೊಟ್ಟೀವ್ರಿ. ಆಕಿ ಮಗಳು ಅದ ಸಾಲ್ಯಾಗ ಓದ್ತಾಳ.”

“ನಿಮ್ಮ ಮನ್ಯಾಗ ಯಾರ್‍ಯಾರಿಗೆ ಗೊತ್ತು?”

“ನನಗ, ನಮ್ಮ ಅತ್ತಿಗೆ, ಈಗ ನಿಮಗ. ನಮ್ಮ ಮಾವ ಸಾಯೂತನಾ ಆಕಿ ಬಾಯಿ ಬಿಟ್ಟಿಲ್ಲ. ನಾ ಪೇಪರ್ ತೋರಸ್ತೀನಿ ಅಂದ್ರ ನಿನ್ನೆ ಕಣ್ಣ ಮುಚ್ಚಿಕೊಂಡ ಕುಂತ್ಲು. ನನ್ನ ಗಂಡಗ ಗೊತ್ತಾದ್ರ ಅವ ಸುರಪುರಕ್ಕ ಹೋಗಿ ಪಟ ಒಡಿತಾನ. ಒಡದ್ರ ಅದನ್ನೂ ನೀವ ಬರಿತೀರಿ.”

ಅವರು ಹಾಳೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದರು.

“ತೆಗಸ್ರಿ ಅದನ್ನ. ನಮ್ಮ ಅತ್ತಿ ಯಾರು ಅಂತ ಹೇಳ್ದಂಗ ತೆಗಸ್ರಿ.”

ಶಹಾಪುರಕ್ಕೆ ಫೋನ್ ಮಾಡಿದೆ. ಒಂದು ಚಿತ್ರದ ಬಗ್ಗೆ ಆಕ್ಷೇಪ ಬಂದಿದೆ, ತೆಗೆಯಬೇಕು ಎಂದೆ. ಯಾರ ಆಕ್ಷೇಪ ಎಂದು ಸ್ಟುಡಿಯೋ ಮಾಲೀಕರು ಕೇಳಿದರು. ಹೇಳಲಾರೆ ಎಂದೆ. “ರಿಪೋರ್ಟರ್ ಸಾಹೇಬ್ರ, ಹೆಸರಿಲ್ಲದ ಅರ್ಜಿ ತಹಶೀಲ್ ಆಫೀಸ್‌ನ್ಯಾಗೂ ನಡೆಯಂಗಿಲ್ರಿ” ಎಂದು ನಕ್ಕು ಫೋನ್ ಇಟ್ಟರು. ನನ್ನ ಡೆಸ್ಕಿಗೂ ಹೇಳಿದೆ. ವೆಬ್‌ಸೈಟಿನ ಲೇಖನದಿಂದ ಚಿತ್ರ ತೆಗೆಯಲು ಕೋರಿಕೆ ಬರೆದು ಕಳಿಸು ಎಂದರು. ಕಾರಣದ ಕಾಲಂ ಇತ್ತು. ‘ಖಾಸಗಿತನ’ ಎಂದು ಬರೆದು ಕಳಿಸಿದೆ.

ಬುಧವಾರ ಗಂಡಸರು ಹೊಲಕ್ಕೆ ಹೋಗುವ ಹೊತ್ತು ನೋಡಿ ಬರಲು ಸೊಸೆ ಹೇಳಿದ್ದರು. ಅಂಗನವಾಡಿಯ ಕೆಲಸಕ್ಕೆ ಬಂದವನಂತೆ ಹೋದೆ. ಅತ್ತೆ ಪಡಸಾಲೆಯಲ್ಲಿ ಮೊರದ ತುಂಬ ತೊಗರಿ ಹಾಕಿಕೊಂಡು ಹಸನು ಮಾಡುತ್ತಿದ್ದರು. ಎಂಬತ್ತು ದಾಟಿದ, ಕಿವಿ ಚುರುಕಾಗಿರುವ ಹೆಂಗಸು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಎಡಗೈಯಲ್ಲೇ ಕಲ್ಲು ಆರಿಸುತ್ತಿದ್ದರು.

“ಮೊನ್ನೆಯಿಂದ ಹಿಂಗ ಮಾಡಾಕತ್ಯಾಳ್ರಿ. ಎಡಗೈಲೆ ಆರಿಸಿ ಅರ್ಧ ಕಲ್ಲು ಬ್ಯಾಳ್ಯಾಗ ಬಿಟ್ಟಾಳ” ಎಂದರು ಸೊಸೆ.

“ನಿನಗ ಹಲ್ಲು ಅದಾವ, ತಿನ್ನು” ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, “ತಂದೀಯೇನಪ್ಪಾ?”

ಚೀಲದಲ್ಲಿ ಸ್ಟುಡಿಯೋ ಮಾಲೀಕರು ಲೇಖನಕ್ಕೆಂದು ಕೊಟ್ಟಿದ್ದ ಪ್ರತಿ ಇತ್ತು. ಅದರಲ್ಲಿ ಮುಖ ಮಸುಕಾಗಿರಲಿಲ್ಲ. ಕೊಡಬೇಕೋ ಬೇಡವೋ ಎಂದು ಸೊಸೆಯ ಮುಖ ನೋಡಿದೆ. ಅತ್ತೆಯೇ ಕೈ ಚಾಚಿದರು. ಆ ಚಿತ್ರವನ್ನು ಅವರು ಅದೇ ಮೊದಲ ಸಲ ನೋಡುತ್ತಿದ್ದರು. ಬೆಳಕಿಗೆ ಹಿಡಿದು ಎಡಕ್ಕೆ, ಬಲಕ್ಕೆ ಓರೆ ಮಾಡಿ ನೋಡಿದರು. ನಡುವೆ ನಿಂತ ಹೆಣ್ಣಿನ ಮೇಲೆ ಅವರ ಕಣ್ಣು ನಿಲ್ಲಲಿಲ್ಲ.

“ನಮ್ಮಪ್ಪ ಎಲ್ಲಿ?” ಎಂದರು.

ನನಗೆ ತಿಳಿಯಲಿಲ್ಲ. ಅವರೇ ಹೇಳಿದರು. ಚೊಚ್ಚಲ ಬಾಣಂತನಕ್ಕೆ ಭೀಮಾ ನದಿಯ ದಂಡೆಯ ತವರಿಗೆ ಹೋಗಿದ್ದ ವರ್ಷ ಅದು. ಮನೆಯವರು ಮೀನು ಹಿಡಿಯುವವರು. ಊರ ಸಾವುಕಾರರ ಕಡೆಯವನೆಂದು ಹೇಳಿಕೊಂಡು, ಎತ್ತಿನ ಗಾಡಿಯಲ್ಲಿ ಡಬ್ಬಿ ಇಟ್ಟುಕೊಂಡು ಒಬ್ಬ ಬಂದ. ಹೊಳೆಯ ಫೋಟೊ ತೆಗೆಯಬೇಕು, ನಿನ್ನ ಮಗಳು ನೀರಲ್ಲಿ ನಿಂತರೆ ಸಾಕು ಎಂದ. ಸಾವುಕಾರರ ಮಾತಿಗೆ ಅಪ್ಪ ಹೂಂ ಎಂದ.

“ನನಗ ಹೇಳಿದ್ದು ಏನ ಗೊತ್ತೇನು? ‘ಇದು ಹೊಳಿ ಪೋಟೊ, ತಂಗಿ. ನೀ ಅದ್ರಾಗ ಸಣ್ಣ ಹಳ್ಳುಕಲ್ಲಿನಷ್ಟ ಕಾಣ್ತಿ’ ಅಂದ. ಮ್ಯಾಲ ಕುಬಸ ಬ್ಯಾಡ ಅಂದ. ನಾ ಒಲ್ಲೆ ಅಂದೆ. ನಮ್ಮಪ್ಪನ ಮುಖ ನೋಡಿದ. ನಮ್ಮಪ್ಪ ನನ್ನ ಕೂಸಿನ್ನ ಹೆಗಲಮ್ಯಾಲ ಹಾಕ್ಕೊಂಡು ಬೆನ್ನು ತಿರುವಿ ನಿಂತ. ಪೋಟೊದವ ನನ್ನ ಮೂರ ಸಲ ಮುಳುಗಿಸಿದ. ಸಂಕ್ರಾಂತಿ ಮುಂದಿನ ಥಂಡಿ. ಎದ್ದಾಗೊಮ್ಮೆ ನಾ ನಮ್ಮಪ್ಪನ್ನ ನೋಡತಿದ್ದೆ, ತಿರಗ್ತಾನೇನು ಅಂತ. ತಿರಗಲಿಲ್ಲ.”

ಸೊಸೆ ಮೊರವನ್ನು ತಮ್ಮ ಕಡೆ ಎಳೆದುಕೊಂಡು ತಲೆ ಬಗ್ಗಿಸಿ ಕಲ್ಲು ಆರಿಸತೊಡಗಿದರು.

“ನಮ್ಮ ಮನಿ ಮಂದಿ ನೋಡಬಾರ್ದು ಯಪ್ಪಾ” ಎಂದರು ಅತ್ತೆ. “ಅಷ್ಟ ಮಾಡು.”

ಗುರುವಾರ ಶಹಾಪುರದ ಸ್ಟುಡಿಯೋಗೆ ಹೋದೆ. ಆಳೆತ್ತರದ ‘ನದಿಕನ್ಯೆ’ ಕಟ್ಟು ಹಾಕಿಸಿಕೊಂಡು ಗೋಡೆಗೆ ಒರಗಿ ನಿಂತಿತ್ತು. ಅಷ್ಟು ದೊಡ್ಡದರಲ್ಲಿ ಮೂರು ಮೀನುಗಳನ್ನು ಬಾಗಿಲಿನಿಂದಲೇ ಎಣಿಸಬಹುದಾಗಿತ್ತು. ಮಾಲೀಕರು ಚಹಾ ತರಿಸಿದರು, ನಾನು ಕೇಳುವ ಮೊದಲೇ ಮೂಲ ಪ್ಲೇಟನ್ನು ತಂದು ಬಲ್ಬಿನ ಎದುರು ಹಿಡಿದರು.

“ನೋಡ್ರಿ, ನಮ್ಮಪ್ಪನ ಕೈಚಳಕ. ಪ್ಲೇಟಿನ್ಯಾಗ ಈ ಕಡಿ ಒಬ್ಬವ ಗಂಟ ಹೊತಗೊಂಡು ಅಡ್ಡ ನಿಂತಾನ. ಪ್ರಿಂಟ್‌ನ್ಯಾಗ ಅವನ್ನ ಕತ್ತರಿಸಿ ಒಗದಾರ. ಆಗ ಚಿತ್ರ ಎದ್ದು ನಿಂತೈತಿ.”

ಕಪ್ಪು ಬಿಳುಪು ಅದಲುಬದಲಾದ ಗಾಜಿನ ಅಂಚಿನಲ್ಲಿ, ದಂಡೆಯ ಮೇಲೆ ಬೆನ್ನು ತಿರುಗಿಸಿದ ಗಂಡಸು ಕಂಡ. ಗಂಟು ಹೆಗಲ ಮೇಲಿತ್ತು.

ಆ ದೊಡ್ಡ ಪಟವನ್ನು ಸುರಪುರಕ್ಕೆ ಒಯ್ಯಬೇಡಿ ಎಂದು ಮತ್ತೆ ಕೇಳಿದೆ. ನೋಟುಬುಕ್ಕಿನ ಸಾಲುಗಳನ್ನೇ ತೋರಿಸಿದೆ.

“ಕಲಾಕಾರ ಕಷ್ಟ ಪಟ್ಟಾನ ಅಂತ ನೀವ ಬರದೀರಲ್ರಿ? ನಾಕ ದಿನದಾಗ ಏನಾತು?” ಎಂದರು. “ಬೆನ್ನು ಕಂಡ್ರ ತಪ್ಪೇನು? ಗುಡಿ ಕಲ್ಲಿನಮ್ಯಾಲ ಇಲ್ಲೇನು ಇಂಥಾವು?”

“ಆ ಕಲ್ಲಿಗೆ ಮೊಮ್ಮಕ್ಕಳಿಲ್ರಿ” ಎಂದೆ.

ಬಾಯಿ ತಪ್ಪಿದ್ದು ಆಡಿದ ಮೇಲೆ ಗೊತ್ತಾಯಿತು. ಅವರು ಚಹಾದ ಕಪ್ಪು ಕೆಳಗಿಟ್ಟರು.

“ಅಂದ್ರ ಆಕಿ ಅದಾಳ.”

ನಾನು ಸುಮ್ಮನಿದ್ದೆ. ನಮ್ಮ ವೃತ್ತಿಯಲ್ಲಿ ಎದುರಿನವರ ಮೌನದಿಂದ ಉತ್ತರ ತೆಗೆಯುವುದನ್ನು ಕಲಿಯುತ್ತೇವೆ. ಅವರಿಗೂ ಅದು ಬರುತ್ತಿತ್ತು.

“ಬದುಕ್ಯಾಳ! ಮತ್ತ ಇದನ್ನ ಹೇಳಾಕ ಇಷ್ಟ ಹೊತ್ತೇನ್ರಿ? ಭೀಮಾ ದಂಡಿ ಊರ ಎಷ್ಟ ಅದಾವು, ನಾಳೆ ಶುಕ್ರವಾರ, ಜುಮ್ಮಾಕ್ಕ ಅಂಗಡಿ ಬಂದ್ ಮಾಡಿ ಹೊಂಡ್ತೀನಿ. ಪೋಟೊ ತೋರಿಸಿ ಕೇಳಿದ್ರ ಸಂಜಿತನಾ ಸಿಗ್ತಾಳ. ಉದ್ಘಾಟನಿಗೆ ಕಾರು ಕಳಿಸಿ ಕರಸೂಣು. ಆ ಪಟದ ಮುಂದ ನಿಂದರಿಸಿ, ಶಾಲು ಹೊದಿಸಿ, ಹಣ್ಣು ಕೊಟ್ಟು ಸನ್ಮಾನ ಮಾಡೂಣು. ನೀವ ಪೋಟೊ ಹೊಡ್ಕೋರಿ, ಮೊದಲನೇ ಪುಟಕ್ಕ ಬರತೈತಿ!”

ಅವರ ಕಣ್ಣಲ್ಲಿ ನಿಜವಾದ ಸಂತೋಷವಿತ್ತು. ಇದರಲ್ಲಿ ಕೆಟ್ಟದ್ದು ಏನಿದೆ ಎಂಬುದು ಅವರಿಗೆ ಹೊಳೆಯುವಂತಿರಲಿಲ್ಲ. ಬೇಡ, ಆಕೆ ಒಪ್ಪುವುದಿಲ್ಲ ಎಂದೆ. ಶಾಲು ಬೇಡ ಎನ್ನುವವರನ್ನು ತಾನು ಇನ್ನೂ ಕಂಡಿಲ್ಲ ಎಂದರು. ಪ್ರತಿಗಳನ್ನು ಲಕೋಟೆಗೆ ಹಾಕಿಕೊಳ್ಳಲು ಅಲ್ಲೇ ಶುರು ಮಾಡಿದರು.

ಹೊರಗೆ ಬಂದು ಸೊಸೆಗೆ ಫೋನ್ ಮಾಡಿ ನಡೆದದ್ದನ್ನು ನಡೆದಂತೆ ಹೇಳಿದೆ. ಪ್ಲೇಟಿನ ಅಂಚಿನಲ್ಲಿ ಕಂಡ ಗಂಡಸಿನ ವಿಷಯವನ್ನೂ, ನನ್ನ ಬಾಯಿ ತಪ್ಪಿದ್ದನ್ನೂ ಹೇಳಿದೆ.

“ತವರಿನ ಕಡಿ ಹೋಗ್ತಾನಂತೇನು?” ಎಂದರು. “ಅಲ್ಲಿ ನಮ್ಮ ಅತ್ತಿ ತಮ್ಮನ ಮಕ್ಕಳು ಅದಾರ್ರಿ. ಅವರ ಮನ್ಯಾಗ ಮುದುಕ್ಯಾರು ಅದಾರ. ಒಂದ ಗಳಿಗಿ ಸಾಕು, ಗುರ್ತು ಹಿಡಿತಾರ. ನಿಮಗ ಹೇಳಬಾರದಿತ್ತು ನಾ.”

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಸ್ಟುಡಿಯೋ ಮುಂದಿದ್ದೆ. ಹೇಗಾದರೂ ಮಾಡಿ ಅವರನ್ನು ತಡೆಯಬೇಕೆಂಬುದಷ್ಟೇ ತಲೆಯಲ್ಲಿತ್ತು, ಹೇಗೆ ಎಂಬುದು ಇರಲಿಲ್ಲ. ಮಾಲೀಕರು ಅರ್ಧ ಷಟರ್ ಎಳೆದು ಮೋಟಾರ್ ಸೈಕಲ್ ಹೊರಗೆ ನಿಲ್ಲಿಸಿದ್ದರು. ಲಕೋಟೆ ಪೆಟ್ರೋಲ್ ಟ್ಯಾಂಕಿನ ಮೇಲಿತ್ತು. ನಾವಿಬ್ಬರೂ ದನಿ ಏರಿಸಿದ್ದೆವು, ಪಕ್ಕದ ಅರಳೆ ಅಂಗಡಿಯವರು ಹೊರಬಂದು ನೋಡುತ್ತಿದ್ದರು. ಆಗ ಬಸ್ ನಿಲ್ದಾಣದ ಕಡೆಯಿಂದ ಸೊಸೆಯ ಕೈ ಹಿಡಿದುಕೊಂಡು ಅತ್ತೆ ನಡೆದು ಬಂದರು. ನನ್ನ ಕಡೆ ಇಬ್ಬರೂ ನೋಡಲಿಲ್ಲ.

“ಪೋಟೊ ತಗೀತೀರೇನ್ರಿ?” ಎಂದರು ಸೊಸೆ ಮಾಲೀಕರಿಗೆ. “ಪಾಸ್‌ಪೋಟ್ ಸೈಜ್. ನಮ್ಮ ಅತ್ತೀದು.”

“ಇವತ್ತು ಬಂದ್ ಐತ್ರಿ ಅವ್ವಾ. ನಾಳೆ ಬರ್ರಿ.”

“ಕೊಂಕಲ್‌ದಿಂದ ಬಂದೀನಪ್ಪಾ, ಬಸ್ಸಿನ್ಯಾಗ ನಿಂತಗೊಂಡು” ಎಂದರು ಅತ್ತೆ.

ಅವರು ಷಟರ್ ಎತ್ತಿದರು. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ಬೆಳಕು ಹಚ್ಚಿದರು, ಕ್ಯಾಮೆರಾದ ಹಿಂದೆ ಹೋದರು. “ಸೆರಗು ಜರಾ ಸರಿ ಮಾಡ್ಕೋರಿ ಅವ್ವಾ. ಮುಖ ಈ ಕಡಿ.”

ಅತ್ತೆ ಮುಖವನ್ನು ಆ ಕಡೆ ತಿರುಗಿಸಿದರು. ಗೋಡೆಗೆ ಒರಗಿಸಿದ್ದ ದೊಡ್ಡ ಪಟ ಅವರ ಪಕ್ಕದಲ್ಲೇ ಇತ್ತು. ಸೆರಗಿನೊಳಗಿಂದ ಬಲಗೈ ತೆಗೆದು, ಕೊಡ ಹಿಡಿದವರಂತೆ ತಲೆಯವರೆಗೆ ಎತ್ತಿದರು. ಚರ್ಮ ಜೋತು ಬಿದ್ದಿತ್ತು, ಹಚ್ಚೆಯ ಹಸಿರು ಮಾಸಿತ್ತು. ಮೂರು ಮೀನು. ಮೂರನೆಯದಕ್ಕೆ ಬಾಲವಿರಲಿಲ್ಲ.

ಮಾಲೀಕರು ಗುಂಡಿ ಒತ್ತಲಿಲ್ಲ. ಪಟವನ್ನು ನೋಡಿದರು, ಕೈಯನ್ನು ನೋಡಿದರು. ಕ್ಯಾಮೆರಾದ ಹಿಂದಿನಿಂದ ಈಚೆ ಬಂದು ಹಚ್ಚಿದ ಬೆಳಕನ್ನು ಆರಿಸಿದರು.

“ಕೈ ಇಳಸ್ರಿ ಅವ್ವಾ” ಎಂದರು. ದನಿ ಸಣ್ಣದಾಗಿತ್ತು.

“ನಿಮ್ಮಪ್ಪ ಇಳಸ್ ಅನ್ನಾಕ ಭಾಳ ಹೊತ್ತ ಮಾಡಿದ್ದ” ಎಂದರು ಅತ್ತೆ.

ಸೊಸೆ ಷಟರನ್ನು ಒಳಗಿನಿಂದ ಮೊಣಕಾಲಿನವರೆಗೆ ಎಳೆದರು. ಮಾಲೀಕರು ಒಳಗೆ ಹೋಗಿ ಪ್ಲೇಟನ್ನೂ ನೋಟುಬುಕ್ಕನ್ನೂ ತಂದು ಮೇಜಿನ ಮೇಲೆ ಇಟ್ಟರು. ಶಾಲಿನ ಮಾತು ತೆಗೆಯಲಿಲ್ಲ.

“ಏನ್ ಮಾಡ್ಲಿ ಹೇಳ್ರಿ. ಒಡದ ಬಿಡ್ಲೇನು?”

“ಒಡದ್ರ ನಮ್ಮಪ್ಪ ಹೋಗ್ತಾನ.”

ಅವರಿಗೆ ಅರ್ಥವಾಗಲಿಲ್ಲ. ಅತ್ತೆ ಎದ್ದು ಬಂದು ಗಾಜಿನ ಅಂಚಿನ ಮೇಲೆ ಬೆರಳಿಟ್ಟರು. “ಇವ ನಮ್ಮಪ್ಪ. ಹೆಗಲಮ್ಯಾಲಿಂದು ಗಂಟಲ್ಲ, ನನ್ನ ಹಿರಿ ಮಗ. ನಿಮ್ಮಪ್ಪ ನನಗ ಹೊಳಿ ಪೋಟೊ ಅಂತ ಹೇಳಿದ್ದ. ಆ ಹೊಳಿ ಪೋಟೊ ಕೊಡು. ನನ್ನ ತಗಿ.”

ಪಟಗಳಿಗೆ ಗಾಜು ಕೊಯ್ಯುವ ವಜ್ರದ ಮೊನೆಯ ಕಟರ್ ಕಟ್ಟು ಹಾಕುವ ಪ್ರತಿ ಸ್ಟುಡಿಯೋದಲ್ಲಿಯೂ ಇರುತ್ತದೆ. ಮಾಲೀಕರು ಪ್ಲೇಟನ್ನು ಬಟ್ಟೆಯ ಮೇಲೆ ಇಟ್ಟು, ಸ್ಕೇಲು ಹಿಡಿದು, ಎರಡು ಸಲ ಉಸಿರು ಬಿಟ್ಟು ಒಂದೇ ಗೆರೆ ಎಳೆದರು. ಹಳೆಯ ಗಾಜು ಅಡ್ಡಾದಿಡ್ಡಿ ಒಡೆಯಬಹುದಿತ್ತು. ಅಂಚಿಗೆ ತಟ್ಟಿದಾಗ ನೇರವಾಗಿ ಎರಡಾಯಿತು. ದೊಡ್ಡ ತುಂಡನ್ನು ಸೊಸೆ ಬಿಸಿ ನೀರಿಗೆ ಹಾಕಿ ಸೋಡಾಪುಡಿ ಉದುರಿಸಿದರು. ಸ್ವಲ್ಪ ಹೊತ್ತಿಗೆ ಚಿತ್ರ ಪೊರೆಯಂತೆ ಸುಕ್ಕುಗಟ್ಟಿ ಎದ್ದಿತು. ತೆಂಗಿನ ನಾರಿನಿಂದ ಉಜ್ಜಿದರು. ಬರಿ ಗಾಜು ಉಳಿಯಿತು. ದೊಡ್ಡ ಪಟವನ್ನೂ ಲಕೋಟೆಯ ಪ್ರತಿಗಳನ್ನೂ ನನ್ನ ಚೀಲದಲ್ಲಿದ್ದುದನ್ನೂ ಹರಿದರು. ಅತ್ತೆ ಅದನ್ನು ಸ್ಟೂಲಿನ ಮೇಲೆ ಕೂತು ನೋಡಿದರು.

ಸಣ್ಣ ತುಂಡಿನಿಂದ ಮಾಲೀಕರು ಒಂದು ಪ್ರಿಂಟ್ ಮಾಡಿಕೊಟ್ಟರು. ಹೊಳೆ, ದಂಡೆ, ಬೆನ್ನು ತಿರುಗಿಸಿದ ಗಂಡಸು, ಅವನ ಹೆಗಲ ಮೇಲಿಂದ ಕ್ಯಾಮೆರಾ ಕಡೆ ನೋಡುತ್ತಿರುವ ಕೂಸು.

“ನೋಡಿದ್ಯಾ, ಇವನೊಬ್ಬ ನೋಡ್ಯಾನ” ಎಂದರು ಅತ್ತೆ ಸೊಸೆಗೆ.

ಸುರಪುರದಲ್ಲಿ ಅದೇ ಚಿತ್ರದ ಎರಡು ಫ್ಲೆಕ್ಸ್ ಕಟ್ಟಿದ್ದರು. ಮಾಲೀಕರೂ ನಾನೂ ಮಧ್ಯಾಹ್ನವೇ ಹೋಗಿ ಬಿಚ್ಚಿದೆವು. ಒಂದು ಶಾಲೆಯ ಗೇಟಿಗಿತ್ತು. ಊಟದ ಬಿಡುವು, ಹುಡುಗಿಯರು ಗೇಟಿನ ಸುತ್ತ ನಿಂತಿದ್ದರು. ಯಾಕೆ ಬಿಚ್ಚುತ್ತೀರಿ ಎಂದು ಒಬ್ಬಳು ಕೇಳಿದಳು. ತಪ್ಪಾಗಿ ಅಚ್ಚಾಗಿದೆ ಎಂದು ಮಾಲೀಕರು ಹೇಳಿದರು. ಅವರಲ್ಲಿ ದೇವಾಪುರದ ಹುಡುಗಿ ಇದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಪ್ರದರ್ಶನ ಭಾನುವಾರ ನಡೆಯಿತು. ಬಾಗಿಲ ಬಳಿಯ ಜಾಗದಲ್ಲಿ ಏನನ್ನೂ ಇಟ್ಟಿರಲಿಲ್ಲ. ನೋಟುಬುಕ್ಕಿನಲ್ಲಿ ಆ ಪ್ಲೇಟಿನ ಎದುರು ಮಾಲೀಕರು ನೀಲಿ ಶಾಯಿಯಲ್ಲಿ ‘ಕೊಟ್ಟಿದೆ’ ಎಂದು ಬರೆದಿದ್ದಾರೆ. ಪೆಟ್ಟಿಗೆಯಲ್ಲಿ ಹೆಸರಿಲ್ಲದ ಇನ್ನೂ ಹನ್ನೊಂದು ಹೆಣ್ಣುಮಕ್ಕಳ ಪ್ಲೇಟುಗಳಿವೆ. ಅವುಗಳನ್ನು ಅವರು ಪ್ರದರ್ಶಿಸಲಿಲ್ಲ, ಒಡೆಯಲೂ ಇಲ್ಲ.

ಇದನ್ನು ಬರೆಯುವ ಮೊದಲು ಕೊಂಕಲ್‌ಗೆ ಹೋಗಿ ಕೇಳಿದೆ. “ಬರಿ. ಪೋಟೊ ಹಾಕಬ್ಯಾಡ” ಎಂದರು ಅತ್ತೆ. ಪಡಸಾಲೆಯಲ್ಲಿ ಅಪ್ಪ ಮತ್ತು ಕೂಸಿನ ಪಟ ತೂಗುಹಾಕಿದ್ದರು. ತಲೆ ನರೆತ ಹಿರಿಮಗ ಅದನ್ನು ಬಂದವರಿಗೆಲ್ಲ ತೋರಿಸುತ್ತಾನಂತೆ. ಯಾರು ತೆಗೆದದ್ದು ಎಂದು ಕೇಳಿದವರಿಗೆ, ಹೊಳೆಯ ಫೋಟೊ ತೆಗೆಯಲು ಬಂದವರು ಯಾರೋ ಎಂದು ಅತ್ತೆ ಹೇಳುತ್ತಾರೆ.

ನಮ್ಮ ವೆಬ್‌ಸೈಟಿನ ಲೇಖನದಿಂದ ಆ ಚಿತ್ರವನ್ನು ಅದೇ ಶುಕ್ರವಾರ ಸಂಜೆ ತೆಗೆದರು. ಅಚ್ಚಾದ ಪುಟವನ್ನು ಇದ್ದಂತೆಯೇ ಇಡುವುದು ಪದ್ಧತಿ, ಹಳೆಯ ಪುಟಗಳ ಆನ್‌ಲೈನ್ ಸಂಗ್ರಹದಿಂದ ಅದನ್ನು ತೆಗೆಯಲಾಗದು ಎಂದು ಡೆಸ್ಕ್ ಮೂರು ಸಲ ಉತ್ತರಿಸಿದೆ. ಈ ದಿನ ಬೆಳಿಗ್ಗೆ ನೋಡಿದೆ. ಪುಟ ತೆರೆಯುತ್ತದೆ. ಮುಖ ಮಸುಕಾಗಿದೆ. ಬೆರಳಿನಿಂದ ಹಿಗ್ಗಿಸಿದರೆ ಮೊಣಕೈ ಕೆಳಗಿನ ಹಚ್ಚೆ ಕಾಣುತ್ತದೆ.